ಚಿಕನ್ ರನ್ ಆಟ: ಕಾರ್ಡ್ ಹಾಕಿದ್ದರೂ ‘ಕಾರ್ಡ್ ಇಲ್ಲ’ ಅನ್ನುತ್ತೆ, ನಾಯಿಯಂತೂ ಬಿಡ್ತಾನೇ ಇಲ್ಲ

ಚಿಂತಾಮಣಿ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಗುಂಡು ಹೊಡೆಯುವ ಆಟ ಬೇಡ ಅಂತ ನನ್ನ ಹಳೇ ಪಿಎಸ್‌2 (ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 2 ಯಂತ್ರ) ಅಟ್ಟದಿಂದ ಇಳಿಸಿದೆ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ಚಿಕನ್ ರನ್ ಡಿಸ್ಕ್ ಸಿಕ್ಕಿತು. 2000ದಲ್ಲಿ ಗೊಂಬೆ ಕೋಳಿಗಳ ಸಿನಿಮಾ ಬಂದಿತ್ತಲ್ವಾ, ಅದೇ ವರ್ಷ ಬಂದ ಆಟ ಇದು. ಫಾರಂನಲ್ಲಿ ಕೂಡಿಹಾಕಿದ ಕೋಳಿಗಳು ಮಾಲೀಕರ ಕಣ್ಣು ತಪ್ಪಿಸಿ, ಸಾಮಾನು ಕದ್ದು ತಂದು ಗುಡ್ಡೆ ಹಾಕಿ, ತಪ್ಪಿಸಿಕೊಳ್ಳಬೇಕು. ಅವಳಿಗೆ ತುಂಬಾ ಇಷ್ಟ ಆಯ್ತು.

ತೊಂದರೆ ಎರಡು. ಒಂದು, ಸೇವ್ ಆಗ್ತಿಲ್ಲ. ಆಡಿದಷ್ಟನ್ನು ಉಳಿಸಿಡುವ ಪಿಎಸ್‌2 ಮೆಮೊರಿ ಕಾರ್ಡ್ ಹಾಕಿದ್ದೇನೆ, ಆದ್ರೂ ಕಾರ್ಡೇ ಇಲ್ಲ ಅನ್ನುತ್ತೆ. ಅಂಗಡಿಯವನನ್ನು ಕೇಳಿದರೆ ‘ನಿಮ್ಮ ಕಾರ್ಡ್ ಸತ್ತಿದೆ ಸಾರ್, ಹೊಸದು ತಗೊಳ್ಳಿ’ ಅಂತ ಇನ್ನೊಂದು ಪಿಎಸ್‌2 ಕಾರ್ಡ್ ಮಾರಿದ. ಅದೂ ಅದೇ ಕಥೆ. ದಿನಾ ಸಂಜೆ ಮೊದಲಿಂದ ಶುರು ಮಾಡಬೇಕು. ಇನ್ನೊಂದು, ಆಟದಲ್ಲಿ ಫಾರಂ ಕಾಯುವ ಆ ನಾಯಿಗಳು. ಇವಳು ಓಡ್ತಾಳೆ, ಸಿಕ್ಕಿಹಾಕಿಕೊಳ್ತಾಳೆ, ಅಳ್ತಾಳೆ. ನಾನು ಆಡಿದರೂ ಅಷ್ಟೇ, ಅಳೋದು ಮಾತ್ರ ಇಲ್ಲ.

ಕ್ಯಾತ್ಸಂದ್ರ_ಗೇಮರ್

ಅಣ್ಣ, ನಿಮ್ಮ ಕಾರ್ಡ್ ಸತ್ತಿಲ್ಲ. ಡಿಸ್ಕ್ ತಿರುಗಿಸಿ ನೋಡಿ, ಹಿಂಭಾಗ ಕಪ್ಪಗಿದೆಯಾ? ಕಪ್ಪಗಿದ್ದರೆ ಅದು ಪಿಎಸ್‌1, ಅಂದ್ರೆ ಪಿಎಸ್‌2ಗಿಂತ ಹಿಂದಿನ ಯಂತ್ರದ ಡಿಸ್ಕ್. ಈ ಆಟ ಪಿಎಸ್‌1, ಡ್ರೀಮ್‌ಕಾಸ್ಟ್ (ಸೆಗಾ ಕಂಪನಿಯ ಆಟದ ಯಂತ್ರ), ಪಿಸಿಗೆಲ್ಲ ಬಂದಿತ್ತು, ಪಿಎಸ್‌2ಗೆ ಬರಲೇ ಇಲ್ಲ. ಪಿಎಸ್‌2 ಯಂತ್ರ ಪಿಎಸ್‌1 ಡಿಸ್ಕ್ ಓಡಿಸುತ್ತೆ, ಆದರೆ ಆ ಆಟಗಳು ಪಿಎಸ್‌2 ಕಾರ್ಡಿಗೆ ಸೇವ್ ಮಾಡಲ್ಲ. ಪಿಎಸ್‌1 ಕಾರ್ಡೇ ಬೇಕು. ಅದು ಅದೇ ತೂತಿಗೆ ಕೂರುತ್ತೆ. 15 ಬ್ಲಾಕ್ (ಸೇವ್ ಇಡುವ ಖಾನೆ) ಜಾಗ ಇರುತ್ತೆ, ಮಗುವಿಗೆ ಧಾರಾಳ ಸಾಕು. ಬೇಕಾದರೆ ಸೇವ್ ಆದದ್ದನ್ನು ಪಿಎಸ್‌2 ಕಾರ್ಡಿಗೆ ನಕಲು ಮಾಡಿ ಇಟ್ಕೋಬಹುದು, ಆದರೆ ಆಡುವಾಗ ಮತ್ತೆ ಪಿಎಸ್‌1 ಕಾರ್ಡಿಗೆ ತರಬೇಕು.

ಎರಡನೇ ಕಾರ್ಡ್ ಮಾರಿದವನಿಗೆ ಇದು ಗೊತ್ತಿರಲಿಲ್ಲ ಅಂತ ನಂಬೋದು ಕಷ್ಟ. ವಾಪಸ್ ಕೊಡಿ.

ಪೇಟೆಬೀದಿ_ಅಕ್ಕ

ನಾಯಿ ವಿಷಯ ನಾನು ಹೇಳ್ತೀನಿ. ನಮ್ಮನೇಲಿ ಇಬ್ಬರು ಇದೇ ಥರದ ಆಟಕ್ಕೆ ಅಂಟಿಕೊಂಡಿದ್ದಾರೆ. ಎಲ್ಲರೂ ಮಾಡುವ ತಪ್ಪು ಒಂದೇ, ನಾಯಿ ಕಂಡ ಕೂಡಲೇ ಓಡೋದು. ಆಗ ಈ ಆಟ ಬಂದಾಗ ಜನ ಇದನ್ನು ಕಾವಲಿನವರ ಕಣ್ಣು ತಪ್ಪಿಸಿ ನುಸುಳುವ ಮೆಟಲ್ ಗೇರ್ ಸಾಲಿಡ್ ಆಟದ ಜೊತೆ ಹೋಲಿಸ್ತಿದ್ದರು, ಸುಮ್ನೆ ಅಲ್ಲ. ಒಳಗಿರುವ ಲೆಕ್ಕ ಅದೇ. ಕಾವಲಿನವರು ಒಂದು ದಾರಿ ಹಿಡಿದು ಸುತ್ತುತ್ತಾರೆ. ಒಂದು ಗೋಡೆ ಹಿಂದೆ ನಿಂತು ಎರಡು ಸುತ್ತು ಏನೂ ಮಾಡದೆ ನೋಡಿ. ಬಟನ್ ಮುಟ್ಟಲೇಬೇಡಿ. ಎಲ್ಲಿ ತಿರುಗುತ್ತೆ, ತಿರುಗಿದಾಗ ಎಷ್ಟು ಎಣಿಸಬಹುದು, ಅಷ್ಟು ಗೊತ್ತಾದರೆ ಅದು ಬೆನ್ನು ತಿರುಗಿಸಿದಾಗ ಮುಂದಿನ ಮರೆ ತನಕ ಮಾತ್ರ ಹೋಗಿ. ಪೂರ್ತಿ ಅಂಗಳ ಒಂದೇ ಉಸಿರಿಗೆ ದಾಟೋಕೆ ಹೋಗಬೇಡಿ.

ಇನ್ನೊಂದು, ಹಿಂದೆ ಸರಿಯೋದು ನಾಚಿಕೆ ಅಲ್ಲ ಅಂತ ಮಗುವಿಗೆ ಹೇಳಿ. ನನ್ನ ಮಗ ಅದನ್ನು ಕಲಿಯೋಕೆ ಒಂದು ವಾರ ತಗೊಂಡ.

ಮಾಲೂರು_ಶೆಡ್

ನಮ್ಮದು ಮಾಲೂರು ಹತ್ರ ಕೋಳಿ ಶೆಡ್. ಈ ಚರ್ಚೆ ಓದಿ ನಗು ತಡೆಯೋಕೆ ಆಗ್ಲಿಲ್ಲ. ನಿಜವಾದ ಕೋಳಿ ರಾತ್ರಿ ಎಲ್ಲೂ ನುಸುಳಲ್ಲ ಸ್ವಾಮಿ. ಅದಕ್ಕೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣಲ್ಲ. ಲೈಟ್ ಆರಿಸಿದರೆ ಇದ್ದಲ್ಲೇ ಕೂತುಬಿಡುತ್ತೆ. ಅದಕ್ಕೇ ಮಾರಾಟದ ಕೋಳಿ ಹಿಡಿಯೋದು ರಾತ್ರಿ. ಇನ್ನು ಸಿನಿಮಾದಲ್ಲಿ ಮೊಟ್ಟೆ ಇಡದ ಕೋಳಿ ಕತ್ತಿಗೆ ಹೋಗುತ್ತಲ್ಲ, ಅಷ್ಟು ಮಾತ್ರ ನಿಜ. ಮಗಳಿಗೆ ಇದನ್ನು ಹೇಳೋಕೆ ಹೋಗಬೇಡಿ ಮತ್ತೆ.

ಕ್ಯಾತ್ಸಂದ್ರ_ಗೇಮರ್

ಮಾಲೂರಣ್ಣ 😄 ವಿಷಯಕ್ಕೆ ಬರೋಣ. ಹಳೇ ಕಾರ್ಡ್ ಸಿಗದಿದ್ದರೆ, 2024ರಲ್ಲಿ ಚಿಕನ್ ರನ್: ಎಗ್‌ಸ್ಟ್ರಾಕ್ಷನ್ ಅಂತ ಹೊಸ ಆಟ ಬಂದಿದೆ. 2023ರ ಎರಡನೇ ಸಿನಿಮಾ ಆದ ಮೇಲಿನದು. ಅದೂ ಕದ್ದು ನುಸುಳುವ ಆಟವೇ, ಮೇಲಿನಿಂದ ನೋಡಿದಂತೆ ಕಾಣುತ್ತೆ, ಇಬ್ಬರು ಒಟ್ಟಿಗೆ ಕೂತು ಆಡಬಹುದು. ಆದರೆ ಪಿಎಸ್‌2ನಲ್ಲಿ ಓಡಲ್ಲ. ನನ್ನ ಕೇಳಿದರೆ ಮೊದಲು ಹಳೇದೇ ಮುಗಿಸಲಿ. ಅದರಲ್ಲಿ ಇರೋದು ನಾಟಕದ ಥರ ಮೂರೇ ಅಂಕ.

ಚಿಂತಾಮಣಿ_ಅಪ್ಪ

ಡಿಸ್ಕ್ ಹಿಂಭಾಗ ಕಾಡಿಗೆ ಥರ ಕಪ್ಪು! ಹಳೇ ಪಿಎಸ್‌1 ಇದ್ದ ಗೆಳೆಯನೊಬ್ಬ ಕಾರ್ಡ್ ಸುಮ್ನೆ ಕೊಟ್ಟ. ಹಾಕಿದ ಕೂಡಲೇ ಸೇವ್ ಆಯ್ತು. ಅಂಗಡಿಯವನು ದುಡ್ಡು ವಾಪಸ್ ಕೊಡಲ್ಲ ಅಂದ, ಅದು ಹೋದ ಲೆಕ್ಕ.

ಅಕ್ಕ, ನಿಮ್ಮ ಮಾತು ಅವಳಿಗೆ ಹೇಳಿದೆ. ಮಗಳು ಗಣಿತದ ನೋಟ್‌ಬುಕ್ ಹಿಂದಿನ ಹಾಳೇಲಿ ರಂಗೋಲಿ ಚುಕ್ಕಿ ಇಟ್ಟು ಅಂಗಳ ಬರೆದಿದ್ದಾಳೆ. ನಾಯಿ ತಿರುಗುವ ಜಾಗಕ್ಕೆಲ್ಲ ಒಂದೊಂದು ‘ನಾ’. ನಿನ್ನೆ ಅದನ್ನು ತೊಡೆ ಮೇಲೆ ಇಟ್ಟುಕೊಂಡು, ಬಾಯಲ್ಲಿ ‘ಒಂದು, ಎರಡು, ಮೂರು’ ಅಂತ ಎಣಿಸ್ತಾ ದಾಟಿಬಿಟ್ಟಳು. ಆಮೇಲೆ ನನ್ನ ಸರದಿ. ಹಾಳೆ ಕೊಡು ಅಂದ್ರೆ ಕೊಡಲ್ಲ ಅಂತಾಳೆ, ನೀವೇ ಎಣಿಸ್ಕೊಳ್ಳಿ ಅಂತೆ.