ಅಂತರ್ಗತ ಆಕ್ಟಿವ್‌ಎಂಕ್ಯೂ ಬ್ರೋಕರ್‌: ಒಳಗಿನ ಕ್ಲೈಂಟ್‌ಗೆ ಸಂದೇಶ ತಲುಪುತ್ತಿಲ್ಲ

ಪ್ರಶ್ನೆ (ಪುಣೆ)
ನಮಸ್ಕಾರ. ಭೋಸರಿಯ ಕಾರ್ಖಾನೆಯೊಂದಕ್ಕಾಗಿ ಬರೆದ ಜಾವಾ ತಂತ್ರಾಂಶದೊಳಗೇ ಆಕ್ಟಿವ್‌ಎಂಕ್ಯೂ ಕ್ಲಾಸಿಕ್‌ ಬ್ರೋಕರ್‌ (ತಂತ್ರಾಂಶಗಳ ನಡುವೆ ಸಂದೇಶ ಪಡೆದು ತಲುಪಿಸುವ ಮಧ್ಯವರ್ತಿ) ಅನ್ನು ನಡೆಸುತ್ತಿದ್ದೇವೆ. ಯಂತ್ರಗಳ ಪಕ್ಕದ ಕಂಪ್ಯೂಟರ್‌ಗಳು ಟಿಸಿಪಿ 61616ನೇ ಪೋರ್ಟಿಗೆ ಕಳಿಸುವ ಸಂದೇಶಗಳು ಸರದಿಯಲ್ಲಿ ಸೇರುತ್ತಿವೆ. ಆದರೆ ವಿಎಂ ಟ್ರಾನ್ಸ್‌ಪೋರ್ಟ್‌ (ಜಾಲವಿಲ್ಲದೆ ಅದೇ ತಂತ್ರಾಂಶದೊಳಗೆ ಬ್ರೋಕರ್‌ಗೆ ಸೇರಿಸುವ ಸಂಪರ್ಕ) ಮೂಲಕ ಜೋಡಿಸಿದ ಒಳಗಿನ ಕನ್ಸ್ಯೂಮರ್‌ಗೆ, ಅಂದರೆ ಸಂದೇಶ ಪಡೆಯುವ ಕ್ಲೈಂಟ್‌ಗೆ, ಒಂದೂ ಸಿಗುತ್ತಿಲ್ಲ. ಲಾಗ್‌ನಲ್ಲಿ ದೋಷವೂ ಕಾಣುತ್ತಿಲ್ಲ. ಕನೆಕ್ಷನ್‌ನ ಸ್ಟಾರ್ಟ್‌ ವಿಧಾನವನ್ನು ಕರೆದಿದ್ದೇವೆ. ಎಲ್ಲಿ ತಪ್ಪಿರಬಹುದು?

ಉತ್ತರ 1 (ಮುಂಬೈ)
ವಿಎಂ ವಿಳಾಸದಲ್ಲಿ ಬರೆಯುವುದು ಯಂತ್ರದ ಹೆಸರಲ್ಲ, ಬ್ರೋಕರ್‌ನ ಹೆಸರು. ಆ ಹೆಸರಿನ ಬ್ರೋಕರ್‌ ಅದೇ ಜೆವಿಎಂನಲ್ಲಿ (ಜಾವಾ ತಂತ್ರಾಂಶವನ್ನು ಓಡಿಸುವ ವ್ಯವಸ್ಥೆಯಲ್ಲಿ) ಇಲ್ಲದಿದ್ದರೆ, ದೋಷ ತೋರಿಸುವ ಬದಲು ಆಕ್ಟಿವ್‌ಎಂಕ್ಯೂ ಹೊಸದೊಂದು ಬ್ರೋಕರ್‌ ಅನ್ನು ತಾನೇ ಹುಟ್ಟುಹಾಕುತ್ತದೆ, ಮತ್ತು ನಿಮ್ಮ ಕನ್ಸ್ಯೂಮರ್‌ ಆ ಖಾಲಿ ಬ್ರೋಕರ್‌ನ ಮುಂದೆ ಕಾಯುತ್ತಾ ಕೂರುತ್ತದೆ. ಈ ಪೂರ್ವನಿಗದಿತ ನಡವಳಿಕೆ ಪರೀಕ್ಷೆಗಾಗಿ ಬರೆಯುವ ಕೋಡ್‌ಗೆ ಅನುಕೂಲವಾದರೂ ಕಾರ್ಖಾನೆಯಲ್ಲಿ ಅಪಾಯಕಾರಿ ಎಂಬುದು ನನ್ನ ದೃಢ ಅಭಿಪ್ರಾಯ. ವಿಳಾಸಕ್ಕೆ ‘ಕ್ರಿಯೇಟ್‌’ ಆಯ್ಕೆಯನ್ನು ‘ಫಾಲ್ಸ್‌’ ಎಂದು ಸೇರಿಸಿದರೆ ಹೆಸರು ತಪ್ಪಿದ ಕೂಡಲೇ ಸಂಪರ್ಕ ವಿಫಲವಾಗುತ್ತದೆ. ಬ್ರೋಕರ್‌ಗಿಂತ ಮೊದಲೇ ಕ್ಲೈಂಟ್‌ ಏಳುವ ಸಾಧ್ಯತೆಯಿದ್ದರೆ ‘ವೇಟ್‌ಫಾರ್‌ಸ್ಟಾರ್ಟ್‌’ಗೆ 5000 ಮಿಲಿಸೆಕೆಂಡ್‌ ಕೊಡಿ.

ಉತ್ತರ 2 (ಗೋವಾ)
ಮೇಲಿನ ಉತ್ತರವೇ ಸರಿ. ಹೊರಗಿನ ಕ್ಲೈಂಟ್‌ಗಳ ಬಗ್ಗೆ ಒಂದು ಮಾತು: ಅವು ಫೇಲ್‌ಓವರ್‌ ವಿಳಾಸ (ಸಂಪರ್ಕ ಕಡಿದಾಗ ತಾನೇ ಮತ್ತೆ ಜೋಡಿಸಲು ಯತ್ನಿಸುವ ವಿಳಾಸ) ಬಳಸುತ್ತಿದ್ದರೆ ‘ಟೈಮ್‌ಔಟ್‌’ ನಿಗದಿಪಡಿಸಿ. ಇಲ್ಲವಾದರೆ ಬ್ರೋಕರ್‌ ನಿಂತಾಗ ಸಂದೇಶ ಕಳಿಸುವ ಕರೆಯು ಮರುಸಂಪರ್ಕವಾಗುವವರೆಗೂ ಅಲ್ಲೇ ತಡೆದು ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು
ಹೆಸರೇ ಬೇರೆಯಾಗಿತ್ತು. ಬ್ರೋಕರ್‌ಗೆ ನಾವು ಬೇರೆ ಹೆಸರಿಟ್ಟು, ವಿಳಾಸದಲ್ಲಿ ‘ಲೋಕಲ್‌ಹೋಸ್ಟ್‌’ ಎಂದೇ ಉಳಿಸಿದ್ದೆವು. ತಿದ್ದಿದ ಮೇಲೆ ಸರದಿಯಲ್ಲಿದ್ದ ಸಂದೇಶಗಳೆಲ್ಲ ಬಂದವು. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.