ಸಹಾಯ ಬೇಕು: ನೀರಿನ ಬಿಸಿ ತೋರಿಸುವ ಬಾತುಕೋಳಿ ಕಾಯಿನ್ ಸೆಲ್‌ನಲ್ಲಿ ಸರಿಯಾಗಿ ಓಡ್ತಿಲ್ಲ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಪ್ರಾಜೆಕ್ಟ್‌ಗೆ ಮಗುವಿನ ಸ್ನಾನದ ಟಬ್‌ನಲ್ಲಿ ತೇಲುವ ಬಾತುಕೋಳಿ ಮಾಡುತ್ತಿದ್ದೇವೆ. ನೀರು 36 ಡಿಗ್ರಿಗಿಂತ ಕಡಿಮೆ ಇದ್ದರೆ ನೀಲಿ ದೀಪ, 36ರಿಂದ 38ರವರೆಗೆ ಹಸಿರು, ಅದಕ್ಕಿಂತ ಜಾಸ್ತಿ ಆದರೆ ಕೆಂಪು. ನಮ್ಮಜ್ಜಿ ಮೊಣಕೈ ಅದ್ದಿಯೇ ಹೇಳಿಬಿಡುತ್ತಾರೆ, ಅವರಿಗೆ ಇದೆಲ್ಲ ಬೇಕಿಲ್ಲ ಬಿಡಿ.

ಒಳಗಿರುವುದು ಎಟಿಟೈನಿ85 (ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್), ಡಿಎಸ್18ಬಿ20 ತಾಪಮಾನ ಸೆನ್ಸರ್, ಕೆಂಪು, ಹಸಿರು, ನೀಲಿ ಮೂರೂ ಬರುವ ಒಂದು ಆರ್‌ಜಿಬಿ ಎಲ್‌ಇಡಿ, ಒಂದು ಸಿಆರ್2032 ಸೆಲ್ (3 ವೋಲ್ಟ್‌ನ ಕಾಯಿನ್ ಸೆಲ್). 5 ವೋಲ್ಟ್ ಕೊಟ್ಟಾಗ ಎಲ್ಲ ಸರಿ ಇದೆ. ಸೆಲ್ ಹಾಕಿದರೆ ನೀಲಿ ಮಂಕು, ತಣ್ಣೀರಿನಲ್ಲಿ ಇಟ್ಟರೂ ಒಮ್ಮೊಮ್ಮೆ ಕೆಂಪು ಹೊತ್ತಿಕೊಳ್ಳುತ್ತದೆ. ಚಿಪ್ ಕಂಪ್ಯೂಟರ್‌ಗೆ ಕಳಿಸುವ ಸೀರಿಯಲ್ ಔಟ್‌ಪುಟ್‌ನಲ್ಲಿ ನೋಡಿದರೆ ಆಗ 85 ಡಿಗ್ರಿ ಬಂದಿರುತ್ತದೆ. ಅದು ಸೆನ್ಸರ್ ಪವರ್ ಹೋಗಿ ಮತ್ತೆ ಶುರುವಾದಾಗ ಬರುವ ಸಂಖ್ಯೆ, ಅಲ್ವಾ? ಡೇಟಾಶೀಟ್ ಪ್ರಕಾರ ಸೆನ್ಸರ್‌ಗೆ ಕನಿಷ್ಠ 3 ವೋಲ್ಟ್ ಬೇಕು, ಎಲ್‌ಇಡಿ ಹೊತ್ತಿದ ಕೂಡಲೇ ಸೆಲ್ ಅದಕ್ಕಿಂತ ಕೆಳಗೆ ಇಳಿಯುತ್ತಿದೆ ಅನ್ನಿಸುತ್ತದೆ.

ಈ ಸೆನ್ಸರ್ ಬಿಟ್ಟು 10ಕೆ (10 ಕಿಲೋಓಮ್) ಥರ್ಮಿಸ್ಟರ್, ಅಂದರೆ ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ರೆಸಿಸ್ಟರ್, ಹಾಕಿದರೆ ಹೇಗೆ? ಥರ್ಮಿಸ್ಟರ್ ಇರುವ ವೋಲ್ಟೇಜ್ ಡಿವೈಡರ್‌ಗೂ (ವೋಲ್ಟೇಜ್ ಹಂಚುವ ಎರಡು ರೆಸಿಸ್ಟರ್‌ಗಳ ಜೋಡಿ), ಆ ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಚಿಪ್‌ನ ಎಡಿಸಿಗೂ ಅದೇ ಸೆಲ್ ಆದ್ದರಿಂದ ವೋಲ್ಟೇಜ್ ಇಳಿದರೂ ಲೆಕ್ಕ ತಪ್ಪಬಾರದು. ಆದರೆ ಅರ್ಧ ಡಿಗ್ರಿ ನಿಖರತೆ ಸಿಗುತ್ತದಾ? ಕ್ಯಾಲಿಬ್ರೇಟ್ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಇನ್ನೊಂದು ತಲೆನೋವು ಸೀಲಿಂಗ್. ಹೊಟ್ಟೆಯೊಳಗೆ ಸಿಲಿಕೋನ್ ತುಂಬಿದರೆ ಬಿಸಿ ತಲುಪುವುದು ತುಂಬಾ ನಿಧಾನ, ಸೆನ್ಸರ್‌ನ ಸ್ಟೀಲ್ ಪ್ರೋಬ್ ಹೊರಗೆ ಬಿಟ್ಟರೆ ತೂತಿನ ಸುತ್ತ ನೀರು ಇಳಿಯುವ ಭಯ. ಮಗು ಸೆಲ್ ನುಂಗಬಾರದು, ಹಾಗಾಗಿ ಮುಚ್ಚಳಕ್ಕೆ ಸ್ಕ್ರೂ ಬೇಕೇ ಬೇಕು, ಅದೂ ವಾಟರ್‌ಪ್ರೂಫ್ ಆಗಿರಬೇಕು. ಓ-ರಿಂಗ್ (ರಬ್ಬರ್ ಉಂಗುರ) ಸಾಕಾ? ಸುಮ್ನೆ ಐಡಿಯಾ ಇದ್ದರೂ ಹೇಳಿ, ಸರ್ಕ್ಯೂಟ್ ಫೋಟೋ ಕಾಮೆಂಟ್‌ನಲ್ಲಿ ಹಾಕುತ್ತೇನೆ.