‘ಮಂದಕ’ ಮಂದಗೊಳಿಸುವುದು ಏನನ್ನು?

ಪರಮಾಣು ರಿಯಾಕ್ಟರುಗಳ ಬಗ್ಗೆ ಕನ್ನಡದಲ್ಲಿ ಓದುವಾಗಲೆಲ್ಲ ನನಗೆ ಎಡವಟ್ಟಾಗುವುದು ‘ಮಂದಕ’ ಎಂಬ ಪದದಲ್ಲಿ. ಮಾಡರೇಟರ್‌ಗೆ ನಮ್ಮ ವಿಜ್ಞಾನ ಬರಹಗಳಲ್ಲಿ ಬಳಕೆಯಾಗುವ ಹೆಸರಿದು. ಮಂದ ಬೆಳಕು, ಮಂದ ಉರಿ ಎಂದು ರೂಢಿಯಾದ ಕಿವಿಗೆ ಇದು ರಿಯಾಕ್ಟರಿನ ಉರಿಯನ್ನೇ ತಗ್ಗಿಸುವ ವಸ್ತುವಿನಂತೆ ಕೇಳಿಸುತ್ತದೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ.

ನಡೆಯುವುದು ತದ್ವಿರುದ್ಧ. ಯುರೇನಿಯಂ ಒಡೆದಾಗ ಸಿಡಿಯುವ ನ್ಯೂಟ್ರಾನಿನ ವೇಗ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್. ನೀರಿನಲ್ಲಿ ಡಿಕ್ಕಿ ಹೊಡೆಯುತ್ತ ಅದು ಎರಡು–ಮೂರು ಕಿಲೋಮೀಟರಿಗೆ ಇಳಿದರೆ, ಮತ್ತೊಂದು ಯುರೇನಿಯಂ-235 ಪರಮಾಣುವಿನ ಬೀಜವನ್ನು ಒಡೆಯುವ ಸಂಭವ ನೂರಾರು ಪಟ್ಟು ಹೆಚ್ಚುತ್ತದೆ. ಮಂದವಾಗುವುದು ನ್ಯೂಟ್ರಾನು, ಕ್ರಿಯೆ ಚುರುಕಾಗುತ್ತದೆ. ಕೂಡಂಕುಳಂನಲ್ಲಿ ಸಾಮಾನ್ಯ ನೀರೇ ಮಂದಕ. ಆ ನೀರು ಬರಿದಾದರೆ ಸರಪಳಿ ಕ್ರಿಯೆ ನಿಂತೇಹೋಗುತ್ತದೆ (ಉಳಿದ ಕಾವಿನ ಅಪಾಯ ಬೇರೆ ಮಾತು). ಲಗಾಮು ಹಿಡಿಯುವುದು ನ್ಯೂಟ್ರಾನುಗಳನ್ನು ನುಂಗುವ ನಿಯಂತ್ರಣ ಸರಳುಗಳು. ಆದ್ದರಿಂದ ಮಾಡರೇಟರನ್ನು ‘ನಿಯಂತ್ರಕ’ ಎನ್ನುವುದನ್ನಂತೂ ನಾನು ಒಪ್ಪಲಾರೆ.

ನಮ್ಮ ಕೈಗಾದಲ್ಲಿ ಗೊಂದಲ ಇನ್ನೊಂದು ಸುತ್ತು ಹೆಚ್ಚು. ಅಲ್ಲಿ ಕ್ಯಾಲಾಂಡ್ರಿಯಾ ಎಂಬ ದೊಡ್ಡ ಪಾತ್ರೆಯಲ್ಲಿ ತುಂಬಿರುವ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಮಂದಕ. ಅದರ ನಡುವೆ ಹಾದುಹೋಗುವ ಕೊಳವೆಗಳಲ್ಲಿ ಇಂಧನದ ಕಾವನ್ನು ಹೊತ್ತೊಯ್ಯುವ ಭಾರಜಲ ‘ಶೀತಕ’. ಕೊಳವೆಯಿಂದ ಹೊರಬರುವಾಗ ಈ ಶೀತಕದ ಬಿಸಿ 300 ಡಿಗ್ರಿ ಸೆಲ್ಸಿಯಸ್ಸಿಗೆ ಹತ್ತಿರ! ಒತ್ತಡದಿಂದಾಗಿ ಕುದಿಯುವುದಿಲ್ಲ, ಅಷ್ಟೆ.

ಉರಿಯುತ್ತಲೇ ಹೊಸ ಇಂಧನವನ್ನೂ ಹುಟ್ಟಿಸುವ ಕಲ್ಪಾಕಂನ ಫಾಸ್ಟ್ ಬ್ರೀಡರ್‌ನಲ್ಲಿ ಮಂದಕವೇ ಇಲ್ಲ, ಕಾವು ಒಯ್ಯುವುದು ದ್ರವ ಸೋಡಿಯಂ. ಅದನ್ನು ‘ಕ್ಷಿಪ್ರ ಸಂವರ್ಧಕ’ ಎಂದರೆ ಇಂಧನ ಬೇಗ ಬೇಗ ಬೆಳೆಯುತ್ತದೆ ಎಂದು ಓದಿಕೊಳ್ಳುವವರಿದ್ದಾರೆ. ಕ್ಷಿಪ್ರವಾಗಿರುವುದು ಅಲ್ಲಿಯೂ ನ್ಯೂಟ್ರಾನೇ.

ಹಾಗೆ ನೋಡಿದರೆ ‘ಮಂದ’ಕ್ಕೆ ನಿಧಾನ ಎಂಬ ಅರ್ಥ ಹೊಸದಲ್ಲ, ಕಾವ್ಯದ ಮಂದಗಮನೆ, ಮಂದಮಾರುತಗಳಲ್ಲಿ ಇರುವುದು ಅದೇ. ಆಡುಮಾತಿನಲ್ಲಿ ಮಾತ್ರ ಮಂದ ಎಂದರೆ ಮಬ್ಬು, ಇಲ್ಲವೇ ದಪ್ಪ. ಹಾಗಾಗಿ ಪದವನ್ನು ಬಿಡುವುದಕ್ಕಿಂತ ‘ನ್ಯೂಟ್ರಾನ್ ಮಂದಕ’ ಎಂದು ಬಿಡಿಸಿ ಬರೆಯುವುದು ಲೇಸೆಂದು ನನ್ನ ಎಣಿಕೆ. ‘ಗತಿಮಂದಕ’ ಎಂದೂ ಯೋಚಿಸಿದೆ, ತುಸು ಬಿಗುವೆನಿಸಿತು. ಬಲ್ಲವರು ತಿಳಿಸಿ: ಹಳೆಯ ವಿಜ್ಞಾನ ಬರಹಗಳಲ್ಲಿ ಇದಕ್ಕೆ ಬೇರೆ ಪದವೇನಾದರೂ ಕಂಡಿದ್ದೀರಾ? ಕೈಗಾದಲ್ಲಿ ದುಡಿಯುವವರು ತಮ್ಮ ತಮ್ಮಲ್ಲಿ ಕನ್ನಡದಲ್ಲಿ ಮಾತನಾಡುವಾಗ ಏನೆನ್ನುತ್ತಾರೆ?